ಸೋಲೋಕೆ ಸಂಬಳ ತಗೊಂಡವರೂ ಪೈಲ್ವಾನರೇ, ಸ್ವಾಮಿ

ಪತ್ರ: "ಸಂಪಾದಕರೇ, ನನ್ನ ಮಗನಿಗೆ ಮೂವತ್ತೈದು ವರ್ಷ. ರಾತ್ರಿ ಊಟ ಆದಮೇಲೆ ಮೊಬೈಲಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಅನ್ನೋ ಅಮೆರಿಕದ ಟಿವಿ ಕುಸ್ತಿಯ ಹಳೇ ವಿಡಿಯೋ ಹಾಕಿಕೊಂಡು ಕೂರುತ್ತಾನೆ. ಅದೂ ಗೆದ್ದವರದ್ದಲ್ಲ. ಬ್ಯಾರಿ ಹೊರೊವಿಟ್ಜ್ ಅಂತ ಒಬ್ಬನಂತೆ, ಜೀವಮಾನವೆಲ್ಲ ಸೋತವನಂತೆ, ಅವನೇ ಇವನ ಹೀರೋ. ನನ್ನ ತಂದೆ ಈ ಕಡೆ ಹೆಸರು ಮಾಡಿದ್ದ ಪೈಲ್ವಾನರು, ಮಟ್ಟಿಯಲ್ಲಿ ನಿಜವಾದ ಬೆವರು ಸುರಿಸಿದವರು. ಮೊದಲೇ ಮಾತಾಡಿಕೊಂಡು ಆಡುವ ನಾಟಕವೂ ಕುಸ್ತಿಯೇ? ಸೋಲೋಕೆ ಸಂಬಳ ತಗೊಳ್ಳೋನು ಪೈಲ್ವಾನನೇ? ನೀವಾದರೂ ಈಗಿನ ಹುಡುಗರಿಗೆ ಬುದ್ಧಿ ಹೇಳಿ." (ಓದುಗರು, ದಾವಣಗೆರೆ)

ಉತ್ತರ: ಸ್ವಾಮಿ, ನಿಮ್ಮ ಪತ್ರ ಎರಡು ಸಲ ಓದಿದೆ. ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಮಟ್ಟಿ ಕುಸ್ತಿಯೇ ಬೇರೆ, ಅಮೆರಿಕದ ಟಿವಿ ಕುಸ್ತಿಯೇ ಬೇರೆ. ಅಲ್ಲಿ ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನವಾಗಿರುತ್ತದೆ. ಇದರಲ್ಲಿ ಗುಟ್ಟೂ ಇಲ್ಲ. 1989ರಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಕಂಪನಿಯವರೇ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ, ನಮ್ಮದು ಸ್ಪರ್ಧೆಯಲ್ಲ, ಮನರಂಜನೆ ಅಂತ ಹೇಳಿಕೊಂಡರು. ಕ್ರೀಡಾ ಆಯೋಗದ ಕಟ್ಟುಪಾಡು, ತೆರಿಗೆ ತಪ್ಪಲಿ ಅಂತ. ಅಲ್ಲಿಗೆ ನಿಮ್ಮ ಮಾತು ಸರಿ. ಇನ್ನು ಮುಂದಿನದೆಲ್ಲ ನಿಮ್ಮ ಮಗನ ಪರ.

ನೀವು ಹೊರೊವಿಟ್ಜ್ ಅವರನ್ನು 'ಅವನು' ಅಂತ ಬರೆದಿದ್ದೀರಿ. ನಾನು 'ಅವರು' ಅನ್ನುತ್ತೇನೆ. ಫ್ಲೋರಿಡಾದವರು. ಬೋರಿಸ್ ಮಲೆಂಕೋ ಅನ್ನುವ ಹಳೇ ಉಸ್ತಾದರ ಕೈಕೆಳಗೆ ಕಲಿತವರು. ಪಟ್ಟುಗಳೆಲ್ಲ ಬರುತ್ತಿದ್ದವು, ಮೈಕಟ್ಟೂ ಚೆನ್ನಾಗಿತ್ತು. ಕೆಲವು ಕಾಲ ಜ್ಯಾಕ್ ಹಾರ್ಟ್ ಅನ್ನುವ ಹೆಸರಲ್ಲೂ ಆಡಿದರು. 1980ರ ದಶಕದ ಕೊನೆಗೆ ಡಬ್ಲ್ಯೂಡಬ್ಲ್ಯೂಎಫ್ ಸೇರಿದರು. ಅಲ್ಲಿ ಸಿಕ್ಕಿದ ಕೆಲಸ ಒಂದೇ: ಹೊಸ ಹೊಸ ಸ್ಟಾರ್‌ಗಳ ಕೈಲಿ ಸೋಲುವುದು. ಇಂಥವರಿಗೆ ಅಲ್ಲಿ ಜಾಬರ್ ಅನ್ನುತ್ತಾರೆ. ಆದರೆ ಕಸುಬಿನ ಒಳಗಿದ್ದವರು ಇನ್ನೊಂದು ಮಾತು ಬಳಸುತ್ತಾರೆ, ಕಾರ್ಪೆಂಟರ್ ಅಂತ. ಬಡಗಿ! ಎದುರಿನವನನ್ನು ಕೆತ್ತಿ, ನಯ ಮಾಡಿ, ಜನರ ಮುಂದೆ ನಿಲ್ಲಿಸುವವನು. ಆ ಹೆಸರು ಕೇಳಿದ ದಿನದಿಂದ ನನಗೆ ಜಾಬರ್ ಅನ್ನೋಕೆ ಬಾಯಿ ಬರುವುದಿಲ್ಲ.

ಆ ಕಾಲದ ಟಿವಿ ಕುಸ್ತಿ ಹೇಗೆ ನಡೆಯುತ್ತಿತ್ತು ಅಂತ ಸ್ವಲ್ಪ ಹೇಳಬೇಕು. ಒಂದೇ ರಾತ್ರಿ ಮೂರು ವಾರಕ್ಕೆ ಆಗುವಷ್ಟು ಚಿತ್ರೀಕರಣ. ದೊಡ್ಡ ಹೆಸರಿನವರು ಬರುತ್ತಾರೆ, ಮೂರು ನಿಮಿಷದಲ್ಲಿ ಎದುರಾಳಿಯನ್ನು ಎತ್ತಿ ಒಗೆದು ಹೋಗುತ್ತಾರೆ. ಒಗೆಸಿಕೊಂಡವರು ಬೆವರು ಒರೆಸಿಕೊಂಡು, ಅದೇ ರಾತ್ರಿ ಮತ್ತೊಬ್ಬರ ಕೈಲಿ ಒಗೆಸಿಕೊಳ್ಳೋಕೆ ತಯಾರಾಗಬೇಕು. ಕಂಪನಿ ಲೆಕ್ಕದಲ್ಲಿ ಇವರು ನೌಕರರೂ ಅಲ್ಲ, ಗುತ್ತಿಗೆಯವರು. ಪಿಂಚಣಿ ಇಲ್ಲ, ಆರೋಗ್ಯ ವಿಮೆ ಇಲ್ಲ. ಬೆನ್ನು ಮಾತ್ರ ಸ್ವಂತದ್ದು.

ಬೀಳೋದು ಅಂದರೆ ಸುಮ್ನೆ ಅಲ್ಲ ಸ್ವಾಮಿ. ಆ ರಿಂಗ್‌ನ ಕೆಳಗೆ ಉಕ್ಕಿನ ಚೌಕಟ್ಟು, ಅದರ ಮೇಲೆ ಮರದ ಹಲಗೆ, ಅದರ ಮೇಲೆ ತೆಳ್ಳನೆ ಸ್ಪಂಜು, ಮೇಲೊಂದು ಕ್ಯಾನ್ವಾಸ್ ಬಟ್ಟೆ. ಗದ್ದವನ್ನು ಎದೆಗೆ ಒತ್ತಬೇಕು, ಇಲ್ಲದಿದ್ದರೆ ತಲೆ ಹಿಂದಕ್ಕೆ ಬಡಿಯುತ್ತದೆ. ಉಸಿರು ಬಿಟ್ಟು, ಬೆನ್ನಿನ ಮೇಲ್ಭಾಗ ಚಪ್ಪಟೆಯಾಗಿ ತಾಗಬೇಕು. ಅದೇ ಗಳಿಗೆಯಲ್ಲಿ ಎರಡೂ ಕೈ ನೆಲಕ್ಕೆ ಬಡಿಯಬೇಕು, ಏಟು ಒಂದೇ ಕಡೆ ಕೂರದೆ ಹರಡಿಕೊಳ್ಳಲಿ ಅಂತ. ಗೆಲ್ಲೋನಿಗೆ ಇದರಲ್ಲಿ ತಪ್ಪಾದರೂ ನಡೆದೀತು. ದಿನಾ ಬೀಳೋನಿಗೆ ಒಂದೇ ಒಂದು ಸಲ ತಪ್ಪಿದರೆ ಕತ್ತು ಹೋಯಿತು.

ಎಷ್ಟೋ ವರ್ಷದ ಹಿಂದೆ ಮೈಸೂರಿನ ಒಂದು ಗರಡಿಗೆ ಹೋಗಿದ್ದೆ. ದಸರಾ ಹತ್ತಿರ ಬಂದಿತ್ತು. ಬೆಳಗಿನ ಜಾವ, ಇನ್ನೂ ಮಸುಕು. ಕೆಮ್ಮಣ್ಣನ್ನು ಆಗಷ್ಟೇ ಅಗೆದು ಹದ ಮಾಡಿದ್ದರು, ಅರಿಶಿನ, ಎಣ್ಣೆ, ಮಜ್ಜಿಗೆ ಬೆರೆತ ವಾಸನೆ. ಹನ್ನೆರಡು ಹದಿಮೂರರ ಒಬ್ಬ ಹುಡುಗನನ್ನು ಉಸ್ತಾದರು ಎತ್ತಿ ಹಾಕುತ್ತಿದ್ದರು. ಮತ್ತೆ ಏಳು, ಮತ್ತೆ ಎತ್ತು, ಮತ್ತೆ ಹಾಕು. ಹುಡುಗನ ಬೆನ್ನಿಗೆಲ್ಲ ಮಣ್ಣು ಮೆತ್ತಿ, ಎರಡು ಕಣ್ಣು ಮಾತ್ರ ಬೆಳ್ಳಗೆ ಕಾಣುತ್ತಿದ್ದವು. "ಪಟ್ಟು ಯಾವಾಗ ಹೇಳಿಕೊಡ್ತೀರಿ?" ಅಂತ ಕೇಳಿದೆ. "ಮೊದಲು ಬೀಳೋದು ಕಲೀಲಿ, ಆಮೇಲೆ ಪಟ್ಟು" ಅಂದರು. ನಿಮ್ಮ ತಂದೆಯವರೂ ಹೀಗೇ ಶುರು ಮಾಡಿರುತ್ತಾರೆ, ಅಲ್ವಾ? ಅವರು ಮೊದಲು ಕಲಿತ ವಿದ್ಯೆಯನ್ನೇ ಹೊರೊವಿಟ್ಜ್ ಜೀವಮಾನವೆಲ್ಲ ಮಾಡಿದರು.

ನಾಟಕ ಅಂದಿರಿ. ಹೌದು, ನಾಟಕ. ಅದರಲ್ಲಿ ತಪ್ಪೇನು? ನಾನು ಕರಾವಳಿ ಕಡೆಯವನು. ದೇವಿ ಮಹಾತ್ಮೆ ಯಕ್ಷಗಾನದ ಆಟಕ್ಕೆ ಹೋದವರಿಗೆಲ್ಲ ಮಹಿಷಾಸುರ ಸಾಯುತ್ತಾನೆ ಅಂತ ಗೊತ್ತು. ನಮ್ಮಜ್ಜಿಗೂ ಗೊತ್ತಿತ್ತು. ಆದರೂ ನಡುರಾತ್ರಿ ದೊಂದಿ ಬೆಳಕಲ್ಲಿ, ಕೂಗು ಹಾಕಿಕೊಂಡು, ಜನರ ನಡುವಿನಿಂದ ಅವನು ಬರುವಾಗ ನಿದ್ದೆಗಣ್ಣಿನ ಮಕ್ಕಳೆಲ್ಲ ಎದ್ದು ಕೂರುತ್ತಿದ್ದರು. ಆ ವೇಷ ಮಾಡಿದವರು ಸಾವಿರ ರಾತ್ರಿ ಸತ್ತಿರುತ್ತಾರೆ. ಅವರು ಸರಿಯಾಗಿ ಸಾಯದಿದ್ದರೆ ದೇವಿಯ ವೇಷಕ್ಕೆ ಏನು ಕಳೆ ಬರುತ್ತದೆ ಹೇಳಿ.

ಎಸ್.ಡಿ. ಜೋನ್ಸ್ ಅಂತ ಇನ್ನೊಬ್ಬರಿದ್ದರು, ಕೆರಿಬಿಯನ್ ದ್ವೀಪ ಆಂಟಿಗುವಾದಲ್ಲಿ ಹುಟ್ಟಿದವರು. 1985ರ ಮಾರ್ಚ್ 31, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಡಬ್ಲ್ಯೂಡಬ್ಲ್ಯೂಎಫ್‌ನ ದೊಡ್ಡ ಕುಸ್ತಿ ಜಾತ್ರೆಯಾದ ರೆಸಲ್‌ಮೇನಿಯಾ, ಅದೂ ಮೊಟ್ಟಮೊದಲನೆಯದು. ಕಿಂಗ್ ಕಾಂಗ್ ಬಂಡಿ ಅನ್ನುವ ಆನೆಯಂಥ ಆಳಿನ ಎದುರು ಇವರನ್ನು ನಿಲ್ಲಿಸಿದರು. ಒಂಬತ್ತು ಸೆಕೆಂಡಿನಲ್ಲಿ ಮುಗಿಯಿತು ಅಂತ ಘೋಷಣೆ ಆಯಿತು. ಇವತ್ತು ವಿಡಿಯೋ ಹಾಕಿ ಎಣಿಸಿದರೆ ಇಪ್ಪತ್ತು ಸೆಕೆಂಡಿಗಿಂತ ಜಾಸ್ತಿಯೇ ಆಗುತ್ತದೆ. ಬಂಡಿ ದೊಡ್ಡವನಾಗಿ ಕಾಣಲಿ ಅಂತ ಜೋನ್ಸ್ ಅವರ ಸೆಕೆಂಡುಗಳನ್ನೂ ಕಿತ್ತುಕೊಂಡರು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. 2008ರಲ್ಲಿ ಅವರು ತೀರಿಕೊಂಡರು. ಬಹಳ ಜನಕ್ಕೆ ಅವರ ಬಗ್ಗೆ ಗೊತ್ತಿರೋದು ಆ ಒಂಬತ್ತು ಸೆಕೆಂಡು ಮಾತ್ರ.

ಅಷ್ಟು ದೂರ ಯಾಕೆ, ನಿಮ್ಮ ತಂದೆಯವರ ಕಾಲಕ್ಕೇ ಬನ್ನಿ. ದಾರಾ ಸಿಂಗ್ ಹೆಸರು ಹೇಳಿದರೆ ಎಲ್ಲರ ಬಾಯಲ್ಲೂ ಬರುವ ಇನ್ನೊಂದು ಹೆಸರು ಕಿಂಗ್ ಕಾಂಗ್. ಆಗ ಹೇಳಿದ ಬಂಡಿ ಅಲ್ಲ, ಇವರು ಬೇರೆ. ಅವರ ನಿಜವಾದ ಹೆಸರು ಎಮಿಲ್ ಚಾಯಾ, ಹಂಗೇರಿ ಮೂಲದವರು. ದೇಶ ದೇಶ ತಿರುಗಿ ಕುಸ್ತಿ ಆಡಿ, 1970ರಲ್ಲಿ ಸಿಂಗಾಪುರದಲ್ಲಿ ತೀರಿಕೊಂಡರು. ಬೆಟ್ಟದಂಥ ಆ ಮನುಷ್ಯ ಎದುರಿಗೆ ನಿಂತಿದ್ದಕ್ಕೇ ದಾರಾ ಸಿಂಗ್ ನಮ್ಮ ಮನೆಮನೆಯ ದಾರಾ ಸಿಂಗ್ ಆದದ್ದು. ನಮ್ಮ ಜನ ಅವರ ಹೆಸರನ್ನು ಉಳಿಸಿಕೊಂಡಿದ್ದಾರೆ, ಸಂತೋಷ. ಆದರೆ ಸೋತವನು ಅಂತ ಮಾತ್ರ.

ಗೆದ್ದವರನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಈ ಚಟ ನಮಗೆ ಚಿಕ್ಕಂದಿನಿಂದಲೇ ಅಂಟುತ್ತದೆ. ನಿಮ್ಮ ಮಗನ ವಯಸ್ಸಿನವರು ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡ್ ಆಡಿದವರು, ಕೇಳಿ ನೋಡಿ. ಒಂದೊಂದು ಕಾರ್ಡಿನಲ್ಲೂ ಒಬ್ಬ ಪೈಲ್ವಾನನ ಲೆಕ್ಕ: ರ್‍ಯಾಂಕ್, ಎತ್ತರ, ತೂಕ, ಬೈಸೆಪ್ಸ್, ಎಷ್ಟು ಫೈಟ್ ಆಡಿದ, ಎಷ್ಟು ಗೆದ್ದ. ಎಷ್ಟು ಜನರನ್ನು ಗೆಲ್ಲಿಸಿದ ಅನ್ನುವ ಕಾಲಂ ಅದರಲ್ಲಿ ಇರಲಿಲ್ಲ. ನಮ್ಮ ಪತ್ರಿಕೆಗಳಲ್ಲೂ ಇಲ್ಲ. ನಾನು ವರದಿಗಾರನಾಗಿದ್ದಾಗ ದಸರಾ ಕುಸ್ತಿಯ ಸುದ್ದಿ ಬರೆದು, ಗೆದ್ದವರ ಹೆಸರಿನ ಜೊತೆಗೆ ಸೋತವರ ಹೆಸರನ್ನೂ, ಅವರ ಗರಡಿಯನ್ನೂ ಬರೆದಿದ್ದೆ. ಡೆಸ್ಕಿನಲ್ಲಿ ಕೂತಿದ್ದವರು ಜಾಗ ಇಲ್ಲ ಅಂತ ಸೋತವರನ್ನೆಲ್ಲ ಹೊಡೆದುಹಾಕಿದರು. ಬೆಳಿಗ್ಗೆ ಪೇಪರ್ ಬಿಚ್ಚಿದರೆ ಗದೆ ಹಿಡಿದ ಫೋಟೋ, ಕೆಳಗೆ "ಎದುರಾಳಿಯನ್ನು ಮಣಿಸಿದರು". ಎದುರಾಳಿ ಅಂದರೆ ಯಾರು? ಜೋಡಿ ಕಟ್ಟುವ ದಿನ ಸರದಿಯಲ್ಲಿ ನಿಂತು ಹೆಸರು ಬರೆಸಿದವನು, ತಿಂಗಳುಗಟ್ಟಲೆ ಸಾಮು ಮಾಡಿದವನು, ಅವನಿಗೊಬ್ಬ ತಾಯಿ ಇದ್ದಾಳೆ, ಪೇಪರಲ್ಲಿ ಮಗನ ಹೆಸರು ಹುಡುಕುತ್ತಾಳೆ. ಅದೇ ಕಚೇರಿಯಲ್ಲಿ ಮೂವತ್ತು ವರ್ಷ ಕರಡು ತಿದ್ದಿದ ಹಿರಿಯರೊಬ್ಬರಿದ್ದರು. ನಮ್ಮೆಲ್ಲರ ಬರಹ ಓದುವ ಹಾಗಾದದ್ದು ಅವರಿಂದ. ಅವರು ನಿವೃತ್ತರಾದ ದಿನ ಎರಡು ಸಾಲಿನ ಸುದ್ದಿಯೂ ಬರಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಈ ಪತ್ರಿಕೆ ಶುರು ಮಾಡಿದಾಗ ಕರಡು ತಿದ್ದುವವರ, ಪುಟ ಕಟ್ಟುವವರ ಹೆಸರು ಪ್ರತಿ ಸಂಚಿಕೆಯಲ್ಲೂ ಇರಲೇಬೇಕು ಅಂತ ಹಟ ಹಿಡಿದದ್ದು ಅದಕ್ಕೇ.

ಹೊರೊವಿಟ್ಜ್ ಅವರದ್ದು ಇನ್ನೊಂದು ವಿಷಯ ಬಾಕಿ ಇದೆ. ಅವರು ರಿಂಗಿಗೆ ಬಂದಾಗ ಕೈಯನ್ನು ಹಿಂದಕ್ಕೆ ತಂದು ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುತ್ತಿದ್ದರು. ಅಂಗಿಯ ಬೆನ್ನ ಮೇಲೂ ಒಂದು ಕೈಯ ಗುರುತು. ಜನ ನಗುತ್ತಿದ್ದರು. ನನಗೆ ನಗು ಬರುವುದಿಲ್ಲ. ಭೇಷ್ ಅನ್ನೋಕೆ ಬೇರೆ ಯಾರೂ ಇಲ್ಲದಾಗ ಮನುಷ್ಯ ಏನು ಮಾಡಬೇಕು? 1995ರ ಬೇಸಿಗೆಯಲ್ಲಿ ಒಂದು ದಿನ, ಸ್ಕಿಪ್ ಅನ್ನುವ ಸೊಕ್ಕಿನ ಹುಡುಗನ ಪಾತ್ರದ ಎದುರು ಅವರು ಗೆದ್ದುಬಿಟ್ಟರು. ಕಾಮೆಂಟರಿ ಹೇಳುತ್ತಿದ್ದವರು ಹೊರೊವಿಟ್ಜ್ ಗೆದ್ದರು, ಹೊರೊವಿಟ್ಜ್ ಗೆದ್ದರು ಅಂತ ಕಿರುಚಿದರು. ಅದೇ ಆಗಸ್ಟಿನಲ್ಲಿ ಪಿಟ್ಸ್‌ಬರ್ಗಿನಲ್ಲಿ ನಡೆದ ಸಮ್ಮರ್‌ಸ್ಲ್ಯಾಮ್ ಅನ್ನುವ ದೊಡ್ಡ ಪ್ರದರ್ಶನದಲ್ಲಿ ಅವನನ್ನೇ ಮತ್ತೊಮ್ಮೆ ಸೋಲಿಸಿದರು. ಅದೂ ಮೊದಲೇ ಬರೆದಿಟ್ಟ ಗೆಲುವೇ, ಗೊತ್ತು. ಆದರೆ ಆ ಗೆಲುವಿಗೆ ಜನ ಎದ್ದು ಕೂಗಿದ್ದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ವರ್ಷಗಟ್ಟಲೆ ಬಿದ್ದದ್ದನ್ನು ಅವರೆಲ್ಲ ನೋಡಿದ್ದರು.

ನಿಮ್ಮ ಮಗ ಇವತ್ತು ರಾತ್ರಿ ಮೊಬೈಲ್ ತೆಗೆದಾಗ ಬೈಯಬೇಡಿ. ಪಕ್ಕದಲ್ಲಿ ಕೂತು ಆ ಒಂದು ಕುಸ್ತಿ ನೋಡಿ. ಹಾಗೇ ಇನ್ನೊಂದು ಕೆಲಸ ಮಾಡಿ ಸ್ವಾಮಿ. ನಿಮ್ಮ ತಂದೆಯವರ ಎದುರು ಮಟ್ಟಿಗಿಳಿದು ಸೋತವರು ಯಾರ್‍ಯಾರು, ಯಾವ ಊರು, ಯಾವ ಗರಡಿ, ನೆನಪಿದ್ದಷ್ಟು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ತಂದೆಯವರ ಫೋಟೋದ ಕೆಳಗೆ ಅಷ್ಟೂ ಹೆಸರು ಹಾಕುತ್ತೇವೆ. ಜಾಗ ಇದೆ.

– ಸಂ.