ಅಪ್ಪನ ತಂಬೂರಿ, ನಿನ್ನ ಪದ್ಯ

ಪತ್ರ ಉದ್ದ ಇತ್ತು, ಚಿಕ್ಕದು ಮಾಡಿ ಹಾಕ್ತಿದೀನಿ:

"ಅಕ್ಕಾ, ನಮ್ದು ಮಳವಳ್ಳಿ ಕಡೆ ಹಳ್ಳಿ. ಅಪ್ಪ ನೀಲಗಾರ್ರು, ತಾತನ ಕಾಲದಿಂದ ಮಂಟೇಸ್ವಾಮಿ, ಸಿದ್ದಪ್ಪಾಜಿ ಕತೆ ಹಾಡ್ಕೊಂಡು ಬಂದಿರೋ ಮನೆ. ನಾನು ಮಾನಸಗಂಗೋತ್ರೀಲಿ ಕನ್ನಡ ಎಂಎ ಮುಗಿಸಿ ಮೈಸೂರಲ್ಲೇ ಗೆಸ್ಟ್ ಲೆಕ್ಚರರ್ ಆಗಿದೀನಿ. ಅಪ್ಪಂಗೆ ಮಂಡಿನೋವು, ನೀನು ದೀಕ್ಷೆ ತಗೊಂಡು ತಂಬೂರಿ ಹಿಡಿ ಅಂತಾರೆ. ನಂಗೆ ಆ ಜೋಳಿಗೆ ನೆನೆಸ್ಕೊಂಡ್ರೆ ಮೈ ಉರಿಯುತ್ತೆ. ಚಿಕ್ಕವನಿದ್ದಾಗ ಜೊತೇಲಿ ಹೋದ್ರೆ ಕೆಲವರು ಜಗಲಿ ಮೇಲಿಂದಾನೇ ಕೈ ತಾಗದಂಗೆ ರಾಗಿ ಸುರೀತಿದ್ರು. ಈಗ ಇನ್ನೊಂದು ರಗಳೆ. ಕೆಂಪಾಚಾರಿನ ಮಂಟೇಸ್ವಾಮಿಗೆ ಕೊಡಲ್ಲ ಅನ್ನೋ ತಾಯಿ ಕಡೆ ನಿಂತು ಒಂದು ಪದ್ಯ ಬರ್ದು ಕವಿಗೋಷ್ಠೀಲಿ ಓದ್ದೆ, ಯಾರೋ ವಿಡಿಯೋ ವಾಟ್ಸಾಪಿಗೆ ಹಾಕಿ ಊರಿಗೂ ಮುಟ್ತು. ಅಪ್ಪ 'ಸಾಲು ಕಲೀದೆ ಸಾಲು ಮುರಿಯಕ್ಕೆ ಹೊಂಟವ್ನೆ' ಅಂದವ್ರು ಮೂರು ವಾರದಿಂದ ಮಾತಾಡ್ತಿಲ್ಲ. ಫ್ರೆಂಡ್ಸು ಮಾತ್ರ ಅದು ನಿಮ್ಮ ಪರಂಪರೆ, ಬಿಡ್ಬೇಡ, ಪಿಎಚ್‌ಡಿ ಮಾಡು ಅಂತಾರೆ. ನಾನು ಏನ್ ಮಾಡ್ಲಿ?"

ತಮ್ಮಾ,

ನಿನ್ನ ಪತ್ರ ಓದಿ ಮೊದ್ಲು ಸಿಟ್ಟು ಬಂದಿದ್ದು ನಿನ್ನ ಮೇಲೂ ಅಲ್ಲ ಅಪ್ಪನ ಮೇಲೂ ಅಲ್ಲ, ಆ ಫ್ರೆಂಡ್ಸ್ ಮೇಲೆ. ಪರಂಪರೆ ಉಳಿಸಿ ಪರಂಪರೆ ಉಳಿಸಿ ಅಂತ ಮೈಕ್ ಹಿಡಿಯೋರ ಮಕ್ಕಳು ಯಾರೂ ಜೋಳಿಗೆ ಹಿಡಿಯಲ್ಲ ಕಣಪ್ಪ, ಅವ್ರಿಗೆ ಉಳಿಸೋಕೆ ಯಾವಾಗ್ಲೂ ಇನ್ನೊಬ್ಬರ ಮನೆ ಮಗನೇ ಬೇಕು.

ಹಂಗಾಗಿ ಜೋಳಿಗೆ ವಿಷ್ಯ ಮೊದ್ಲೇ ಮುಗಿಸ್ಬಿಡ್ತೀನಿ. ಅದನ್ನ ಹೊರಲ್ಲ ಅನ್ನೋದಕ್ಕೆ ನಿಂಗೆ ಯಾರ ಅಪ್ಪಣೆನೂ ಬೇಡ. ಭಿಕ್ಷ ಅನ್ನೋದು ದೀಕ್ಷೆ ತಗೊಂಡೋರಿಗೆ ವ್ರತ, ಅಪ್ಪಂಗೆ ಅದು ಅವಮಾನ ಅನ್ಸದೇನೂ ಇರಬಹುದು, ಆದ್ರೆ ಜಗಲಿ ಮೇಲಿಂದ ಸುರಿದೋರು ವ್ರತ ನೋಡಿ ಸುರೀಲಿಲ್ಲ, ಜಾತಿ ನೋಡಿ ಸುರಿದ್ರು. ಆ ರಾಗಿ ಸದ್ದು ನಿನ್ನ ಕಿವೀಲಿ ಇನ್ನೂ ಇದೆ ಅಂದ್ರೆ ಅದು ನಿನ್ನ ತಪ್ಪಲ್ಲ.

ಆದ್ರೆ ಹಾಡು ಬೇರೆ. ಇಲ್ಲಿ ನಾನು ಸ್ವಲ್ಪ ಅಪ್ಪನ ಕಡೆ.

ಓದೋ ಬೇರೆಯವರಿಗೆ ಒಂದ್ಮಾತು: ಈ ಮಂಟೇಸ್ವಾಮಿ ಕತೇನ ಸಾಲು ಸಾಲಾಗಿ ಹಾಡ್ತಾರೆ, ಸಾಲು ಅಂದ್ರೆ ಇಲ್ಲಿ ಕತೆಯ ಒಂದೊಂದು ಭಾಗ, ತಂಬೂರಿ, ತಾಳ, ಗಗ್ಗರ, ಡಕ್ಕೆ ಹಿಡ್ಕೊಂಡು, ರಾತ್ರಿಯೆಲ್ಲ. ಕಲ್ಯಾಣದ ಸಾಲಲ್ಲಿ ಮಂಟೇಸ್ವಾಮಿ ಕೊಳೆತು ನಾರೋ ವೇಷದಲ್ಲಿ ಬಸವಣ್ಣನ ಕಲ್ಯಾಣಕ್ಕೇ ಹೋಗಿ ನಿಲ್ತಾನೆ, ಅಲ್ಲಿದ್ದ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಲ್ಲಿ ನಿಜವಾದೋರು ಯಾರು ಅಂತ ಪರೀಕ್ಷೆ ಮಾಡಕ್ಕೆ. ಯೋಚ್ನೆ ಮಾಡು, ವಚನ ಚಳುವಳಿ ಅಂದ್ರೇನೇ ಹಳೇದನ್ನ ಮುರಿದು ಕಟ್ಟಿದ್ದು, ಅದೂ ಒಂದಿನ ಮಠ ಆಗಿ ಮಡಿ ಆಗಿ ಕೂತಾಗ ಅದರ ಬಾಗಿಲು ಬಡಿಯೋಕೆ ಬಂದ ಕತೆ ನಿಮ್ಮ ಮನೇದು. ಆಮೇಲೆ ಮದ್ದೂರು ಕಡೆ ನಿಡುಘಟ್ಟದ ಆಚಾರಿ ಮನೆ ಹುಡುಗ ಕೆಂಪಾಚಾರಿ, ಅವನೇ ಮುಂದೆ ಸಿದ್ದಪ್ಪಾಜಿ. ಅವನನ್ನ ಶಿಶುಮಗನಾಗಿ, ಅಂದ್ರೆ ಶಿಷ್ಯನಾಗಿ ಕೊಡಿ ಅಂತ ಮಂಟೇಸ್ವಾಮಿ ಕೇಳಿದಾಗ ಹೆತ್ತೋರು ಕೊಡಲ್ಲ ಅಂತಾರೆ. ನೀನು ಪದ್ಯದಲ್ಲಿ ಕೇಳಿದ ಪ್ರಶ್ನೆ ಆ ಸಾಲಲ್ಲಿ ಆಗ್ಲೇ ಇದೆ ಅಲ್ವಾ? ಅಪ್ಪ ಎಷ್ಟು ರಾತ್ರಿ ಆ ತಾಯಿ ಗಂಟ್ಲಲ್ಲಿ ಅತ್ತಿದಾರೆ ಅಂತ ನಿಂಗೆ ಗೊತ್ತಾ? ನೀನು ಹೊಸ್ದಾಗಿ ಕಂಡುಹಿಡ್ದೆ ಅನ್ಕೊಂಡಿದ್ದು ಅವ್ರು ವರ್ಷಾನುಗಟ್ಲೆ ಹಾಡಿದ್ದು. ಅವ್ರಿಗೆ ನೋವಾಗಿರೋದು ನೀನು ಮುರಿದಿದ್ದಕ್ಕಲ್ಲ ಅನ್ಸುತ್ತೆ ನಂಗೆ, ಕೂತು ಕೇಳದೇನೇ ಮುರಿದೆ ಅನ್ನೋದಕ್ಕೆ. ಅವ್ರಂದಿದ್ದೂ ಅದೇ ತಾನೇ, ಸಾಲು ಕಲೀದೆ ಅಂತ.

ಹಂಗಂತ ಮುರಿಯೋದು ತಪ್ಪು ಅಂತ ಅಪ್ಪ ಹೇಳಿದ್ರೆ ಅದನ್ನ ಒಪ್ಪಬೇಡ. ಕ್ರಿ.ಶ. 941ರಲ್ಲಿ ಪಂಪ ಭಾರತ ಬರೆಯುವಾಗ ದ್ರೌಪದಿನ ಅರ್ಜುನನೊಬ್ಬಂಗೇ ಹೆಂಡತಿ ಮಾಡ್ದ, ತನ್ನ ಅರಿಕೇಸರಿ ರಾಜನ್ನ ಅರ್ಜುನನ ಜಾಗದಲ್ಲಿ ನಿಲ್ಲಿಸ್ಬೇಕಿತ್ತು ಅದಕ್ಕೆ. ನೀನು ಓದಿದ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟ ಕುವೆಂಪು ಅವ್ರೇ ತಮ್ಮ ರಾಮಾಯಣದಲ್ಲಿ ಸೀತೆ ಜೊತೆ ರಾಮನನ್ನೂ ಬೆಂಕಿಗೆ ಇಳಿಸಿದ್ರು. ಇಬ್ರೂ ಹಳೇದನ್ನ ಅರೆದು ಕುಡಿದಿದ್ರು, ಹಂಗಾಗಿ ಎಲ್ಲಿ ಕೈ ಹಾಕಿದ್ರೆ ಕಟ್ಟಡ ಬೀಳಲ್ಲ ಅಂತ ಗೊತ್ತಿತ್ತು. ಎಂಎ ಮಾಡಿದೋನಿಗೆ ಇದನ್ನೆಲ್ಲ ಹೇಳ್ತಿದೀನಿ, ಬೇಜಾರ್ ಮಾಡ್ಕೋಬೇಡ. ಸಿಲಬಸ್ಸಲ್ಲಿ ಪಂಪನ್ನ ಓದೋವಾಗ ನಮ್ಮನೇಲೂ ಇಂಥದ್ದೊಂದು ನಡೀತಿದೆ ಅಂತ ಯಾರಿಗೂ ಹೊಳೆಯಲ್ಲ, ನಂಗೂ ಹೊಳೀಲಿಲ್ಲ.

ನಮ್ಮಜ್ಜಿ ನಾಗಮಂಗಲ ಕಡೆಯೋರು, ಸೋಬಾನೆ ಹಾಡೋರು. ನಾನು ಬಿಎ ಓದ್ತಿದ್ದಾಗ ಭಾರಿ ಉತ್ಸಾಹದಲ್ಲಿ ಇನ್ನೂರು ಪೇಜಿನ ನೋಟ್‌ಬುಕ್ ತಗೊಂಡೋಗಿ ಎದುರು ಕೂತೆ, ಅಜ್ಜಿ ನಿಧಾನಕ್ಕೆ ಹೇಳು ಬರ್ಕೋತೀನಿ ಅಂತ. ಎರಡು ನುಡಿ ಹೇಳಿ ನಿಂತ್ರು. ಮುಂದೆ? ನೆನಪಿಲ್ಲ ಅಂದ್ರು. ಮತ್ತೆ ಮೊದ್ಲಿಂದ ಶುರು ಮಾಡಿದ್ರು, ನಾನು ಮತ್ತೆ ನಿಲ್ಲಿಸ್ದೆ, ಮತ್ತೆ ಮರೆತ್ರು. ಆಮೇಲೆ ರೇಗಿ "ನಿಲ್ಸಿ ನಿಲ್ಸಿ ಹೇಳಕ್ಕೆ ಇದೇನ್ ಮಗ್ಗಿನೇನೇ" ಅಂದು ಎದ್ದೋದ್ರು. ಸಂಜೆ ಮೊರ ಇಟ್ಕೊಂಡು ಅವರೆಕಾಯಿ ಬಿಡಿಸ್ತಾ ಅದೇ ಹಾಡು ಪೂರ್ತಿ ಹಾಡ್ಕೋತಿದ್ರು, ಕೈ ಆಡ್ತಿದ್ರೆ ಬಾಯಿಗೆ ತಾನಾಗೇ ಬರ್ತಿತ್ತು. ನಾನು ಒಳಗಡೆ ಯಾವುದೋ ಟೆಸ್ಟಿಗೆ ಓದ್ಕೋತಿದ್ದೆ, ಎದ್ದು ಬರ್ಲಿಲ್ಲ. ಆ ನೋಟ್‌ಬುಕ್ಕಲ್ಲಿ ಇವತ್ತಿಗೂ ಮೂರೂವರೆ ಹಾಡಿದೆ, ಧಾಟಿ ಒಂದಕ್ಕೂ ಇಲ್ಲ.

ಅದಕ್ಕೆ ಹೇಳೋದು, ಪಿಎಚ್‌ಡಿ ಮಾಡೋದಾದ್ರೆ ಮಾಡು, ಬೇಡ ಅನ್ನಲ್ಲ, ಈ ಕತೆ ಬೇರೆ ಬೇರೆ ಗಾಯಕರಿಂದ ಕೇಳಿ ಪ್ರಿಂಟ್ ಆಗಿರೋ ಪಾಠಗಳು ಲೈಬ್ರರೀಲಿ ಇದಾವೆ, ಒಂದಕ್ಕೊಂದು ಹೊಂದಲ್ಲ ಅನ್ನೋದೇ ಅದರ ಸೊಗಸು. ಒಬ್ರು ಉದ್ದ ಎಳೆದಿದ್ದನ್ನ ಇನ್ನೊಬ್ರು ನಾಲ್ಕೇ ಮಾತಲ್ಲಿ ದಾಟಿಸ್ತಾರೆ. ಅಂದ್ರೆ ಹಾಡೋನು ಪ್ರತಿ ಸಲ ಸ್ವಲ್ಪ ಬದಲಾಯಿಸ್ತಾನೇ ಇದಾನೆ, ಅಪ್ಪನೂ ಬದಲಾಯಿಸಿರ್ತಾರೆ, ಕೇಳು ಬೇಕಾದ್ರೆ, ತಾತ ಹಾಡಿದಂಗೇ ಹಾಡ್ತೀರಾ ಅಂತ. ನಗ್ತಾರೆ.

ಹೆಂಗೆ ಶುರು ಮಾಡೋದು ಅಂದ್ರೆ, ಸಾರಿ ಕೇಳ್ಕೊಂಡು ಹೋಗ್ಬೇಡ, ಪದ್ಯ ಡಿಲೀಟ್ ಮಾಡ್ತೀನಿ ಅಂತಾನೂ ಅನ್ಬೇಡ. ಶನಿವಾರ ಕ್ಲಾಸ್ ಮುಗಿಸ್ಕೊಂಡು ಬಸ್ ಹತ್ತು. ಮಂಡಿಗೆ ಎಣ್ಣೆ ಹಚ್ತಾ ಕೂತ್ಕೊಂಡು "ಅಪ್ಪ, ದೀಕ್ಷೆ ವಿಷ್ಯ ಈಗ ಬೇಡ, ಕೆಂಪಾಚಾರಿ ಸಾಲು ಒಂದು ಕಲಿಸ್ಕೊಡು" ಅನ್ನು. ಒಂದೇ ಸಾಲು. ಫೋನ್ ರೆಕಾರ್ಡಿಂಗಿಗೆ ಹಾಕಿ ಬೋರಲು ಇಟ್ಬಿಡು, ನೋಟ್‌ಬುಕ್ ಮಾತ್ರ ತೆಗೀಬೇಡ, ಮಧ್ಯ ನಿಲ್ಲಿಸ್ಬೇಡ. ನೀನು ಬರೀ ತಾಳ ಹಾಕು. ದೀಕ್ಷೆ ಇಲ್ದೆ ಕಲಿಸಲ್ಲ ಅಂದ್ರೆ ಕೇಳಕ್ಕಾದ್ರೂ ಬಿಡಿ ಅನ್ನು, ಕೇಳಕ್ಕೆ ಯಾರೂ ಬೇಡ ಅನ್ನಲ್ಲ. ಬನದ ಹುಣ್ಣಿಮೆಗೆ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಗೆ ಅವ್ರ ಜೊತೆ ಹೋಗು, ಅಲ್ಲಿ ಬೆಂಕಿ ಹಚ್ಚಿ ಬೆಳಗಿಸೋ ಚಂದ್ರಮಂಡಲ ನೋಡು, ಎಲ್ರೂ ಒಟ್ಟಿಗೆ ಉಣ್ಣೋ ಪಂಕ್ತಿಸೇವೇಲಿ ಕೂತು ಉಣ್ಣು. ಅಲ್ಲಿ ಯಾರ ಪಕ್ಕ ಯಾರು ಕೂತಿದಾರೆ ಅಂತ ಕೇಳೋರಿಲ್ಲ, ಜಗಲಿ ಮೇಲಿಂದ ಸುರಿಯೋರೂ ಇಲ್ಲ. ಅಪ್ಪ ಯಾಕೆ ಈ ಬದುಕನ್ನ ಬಿಡಲ್ಲ ಅನ್ನೋದು ಅಲ್ಲಿ ಗೊತ್ತಾಗಬಹುದು, ಆಗದೇನೂ ಇರಬಹುದು.

ಆಮೇಲೆ ಆ ಪದ್ಯ ಇನ್ನೊಂದ್ಸಲ ಓದಿ ನೋಡ್ಕೋ. ನಾಲ್ಕು ಸಾಲು ಹೊಡ್ದು ಹಾಕ್ಬೇಕು ಅನ್ಸಿದ್ರೆ ಹೊಡ್ದು ಹಾಕು, ಒಂದೂ ಬೇಡ ಅನ್ಸಿದ್ರೆ ಅಪ್ಪನ ಮುಂದೆನೇ ಧೈರ್ಯವಾಗಿ ಓದು.

ನನಗೂ ಕಳ್ಸು, ಟೈಪ್ ಮಾಡಿ ಕಳ್ಸಪ್ಪ ದಯವಿಟ್ಟು, ಕೈಬರಹದ ಫೋಟೋ ದೊಡ್ಡದು ಮಾಡ್ಕೊಂಡು ಓದೋವಷ್ಟು ಕಣ್ಣು ಚೆನ್ನಾಗಿಲ್ಲ ನಂದು. ಅಪ್ಪನ ಮಂಡಿ ಹೆಂಗಿದೆ ಅಂತಾನೂ ಬರಿ.

— ಅಕ್ಕ