ಮಂಡಿಯ ಏಳು ಡಿಗ್ರಿ ಎಲ್ಲಿ ಹೋಯಿತು?

ಪ್ರಶ್ನೆ: ಮಂಡಿ ಬದಲಿ ಶಸ್ತ್ರಚಿಕಿತ್ಸೆಯಾಗಿ ಆರು ವಾರ. ಜಯನಗರದ ಫಿಸಿಯೋಥೆರಪಿಸ್ಟ್ ಅಳೆದಾಗ 95 ಡಿಗ್ರಿ ಮಡಚುತ್ತಿತ್ತು. ಮನೆ ಬದಲಿಸಿ ಮಲ್ಲೇಶ್ವರಕ್ಕೆ ಬಂದೆವು. ಇಲ್ಲಿನವರು 88 ಅಂದರು. ವ್ಯಾಯಾಮ ಹೆಚ್ಚಿಸಲೇ?

ಉತ್ತರ: ಬೇಡ. ಎಷ್ಟು ಸಲ ಬರೆದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ. ಒಬ್ಬರೇ, ಒಂದೇ ಗೋನಿಯೋಮೀಟರಿನಲ್ಲಿ (ಕೀಲಿನ ಕೋನ ಅಳೆಯುವ, ಎರಡು ತೋಳಿನ ಸಾಧನ) ಎರಡು ಸಲ ಅಳೆದರೂ 5 ಡಿಗ್ರಿಯಷ್ಟು ಆಚೀಚೆ ಆಗಬಹುದು. ಅಳೆಯುವ ಕೈ ಬದಲಾದರೆ ಇನ್ನೂ ಹೆಚ್ಚು.

ಗೋನಿಯೋಮೀಟರಿನ ಒಂದು ತೋಳು ಟ್ರೊಕ್ಯಾಂಟರಿನತ್ತ, ಅಂದರೆ ಸೊಂಟದ ಕೆಳಗೆ ಪಕ್ಕದಲ್ಲಿ ಕೈಗೆ ಸಿಗುವ ಮೂಳೆಯುಬ್ಬಿನತ್ತ ನೆಟ್ಟಗಿರಬೇಕು. ಅದು ಮಂಡಿಯಿಂದ 40 ಸೆಂ.ಮೀ. ದೂರ ಎಂದುಕೊಳ್ಳಿ. ಗುರುತು 2 ಸೆಂ.ಮೀ. ತಪ್ಪಿದರೆ ಕೋನ ಸುಮಾರು 3 ಡಿಗ್ರಿ ತಪ್ಪುತ್ತದೆ. ತೊಡೆ ದಪ್ಪಗಿದ್ದು, ಮೇಲೆ ಪ್ಯಾಂಟೋ ಸೀರೆಯೋ ಇದ್ದರೆ ಅಷ್ಟು ತಪ್ಪುವುದು ತೀರಾ ಸುಲಭ. ಬಟ್ಟೆ ಸರಿಸಿ ಕಾಲನ್ನು ಒಳಗೆ ಹೊರಗೆ ಹೊರಳಿಸಿದರೆ ಆ ಮೂಳೆ ಬೆರಳಡಿ ಉರುಳುತ್ತದೆ. ಅಲ್ಲಿ ಪೆನ್ನಿನಿಂದ ಗುರುತು ಹಾಕಬೇಕು. ಮಂಡಿಗೆ ಉದ್ದ ತೋಳಿನ ಗೋನಿಯೋಮೀಟರೇ ಬೇಕು, ಜೇಬಿನಲ್ಲಿ ಹಿಡಿಸುವ ಆರಿಂಚಿನದಲ್ಲ.

ಭಂಗಿಯ ತಪ್ಪು ಇದಕ್ಕಿಂತ ದೊಡ್ಡದು. ತೊಡೆಯ ಮುಂಭಾಗದ ರೆಕ್ಟಸ್ ಫೆಮೊರಿಸ್ ಸ್ನಾಯು ಸೊಂಟ, ಮಂಡಿ ಎರಡನ್ನೂ ದಾಟಿ ಹೋಗುತ್ತದೆ. ಬೋರಲು ಮಲಗಿದರೆ ಅದು ಬಿಗಿದುಕೊಂಡು ಮಂಡಿಯನ್ನು ತಡೆಯುತ್ತದೆ. ಅಂಗಾತ ಮಲಗಿ ಸೊಂಟವನ್ನೂ ಮಡಿಸಿದರೆ ಸಡಿಲವಾಗಿ, ಅದೇ ಮಂಡಿ ಹೆಚ್ಚು ಮಡಚುತ್ತದೆ. ನೀವೇ ಮಡಚಿದ್ದೋ, ಅವರು ಒತ್ತಿದ್ದೋ? ವ್ಯಾಯಾಮಕ್ಕೆ ಮೊದಲೋ, ಆಮೇಲೋ? ಇದ್ಯಾವುದನ್ನೂ ಬರೆಯದೆ ಚೀಟಿಯಲ್ಲಿ ಬರೀ ‘95’ ಎಂದು ಗೀಚಿ ಕೊಡುವುದು ಬೇಜವಾಬ್ದಾರಿ. ಹಳೆಯ ಅಂಕಿ ನೋಡಿಕೊಂಡು ಅಳೆಯುವುದೂ ತಪ್ಪು, ಕಣ್ಣು ಅದರತ್ತಲೇ ಜಾರುತ್ತದೆ.

ಈಗಿನವರಿಂದ ಮೂರು ಸಲ ಅಳೆಸಿ, ಸರಾಸರಿಯನ್ನು ಭಂಗಿಯ ಸಮೇತ ಬರೆಸಿಕೊಳ್ಳಿ. ಮುಂದಿನ ಹೋಲಿಕೆ ಅದರೊಂದಿಗೆ ಮಾತ್ರ. ಹಿಮ್ಮಡಿಯಡಿ ಟವೆಲ್ ಸುತ್ತಿಟ್ಟು, ಮಂಡಿ ಎಷ್ಟು ನೆಟ್ಟಗಾಗುತ್ತದೆ ಎಂಬುದನ್ನೂ ಅಳೆಸಿ. ಅದನ್ನು ಯಾರೂ ಕೇಳುವುದೇ ಇಲ್ಲ, ನಡಿಗೆ ಕುಂಟುವುದು ಅಲ್ಲಿಂದಲೇ. ಮಂಡಿ ಊದಿ ಬಿಸಿಯಾಗಿದ್ದರೆ ಅಳತೆ ಬಿಟ್ಟು ಇವತ್ತೇ ಸರ್ಜನ್‌ಗೆ ತೋರಿಸಿ.

ಪ್ರಶ್ನೆ: ಮೊಬೈಲ್ ಆ್ಯಪ್‌ನಲ್ಲಿ ಅಳೆಯಬಹುದೇ?

ಉತ್ತರ: ಮಂಡಿಗೆ ಆಗಬಹುದು, ಪ್ರತಿ ಸಲ ಒಂದೇ ಜಾಗದಲ್ಲಿಟ್ಟರೆ. ಕೂತು ಭುಜ ತಿರುಗಿಸುವಾಗ ಬೇಡ: ಅದು ನೆಲಕ್ಕೆ ಸಮನಾದ ಚಲನೆ, ಗುರುತ್ವ ನೋಡಿ ಓರೆ ಲೆಕ್ಕ ಹಾಕುವ ಆ್ಯಪ್‌ಗೆ ತಿಳಿಯುವುದಿಲ್ಲ.

ಪ್ರಶ್ನೆ: ಎಣ್ಣೆ ಹಚ್ಚಿ ನೀವುವವರೊಬ್ಬರು ಒಂದೇ ದಿನದಲ್ಲಿ ನನ್ನ ಹಿಡಿದ ಭುಜಕ್ಕೆ 30 ಡಿಗ್ರಿ ತಂದುಕೊಟ್ಟರು. ಮಂಡಿಗೂ ಮಾಡಿಸಲೇ?

ಉತ್ತರ: ಖಂಡಿತ ಬೇಡ. ಭುಜದಲ್ಲಿ ಏನೂ ಬಂದಿರಲಿಕ್ಕಿಲ್ಲ. ಮೈ ವಾಲಿಸಿ, ಹೆಗಲು ಎತ್ತಿದರೆ ಕೀಲು ಅಲ್ಲಾಡದೆಯೂ ತೋಳು ಮೇಲೇರುತ್ತದೆ. ಅಂಗಿ ತೆಗೆದು, ಅಂಗಾತ ಮಲಗಿ, ಹೆಗಲಮೂಳೆ ಅದುಮಿ ಹಿಡಿಸಿ ಅಳೆಸಿ ನೋಡಿ. ಶಸ್ತ್ರಚಿಕಿತ್ಸೆಯಾದ ಮಂಡಿಯನ್ನು ಅಂಥವರು ಜೋರಾಗಿ ಒತ್ತಿದರೆ ಸ್ನಾಯುರಜ್ಜು ಹರಿಯಬಹುದು, ಮೂಳೆಯೇ ಮುರಿಯಬಹುದು.