ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ ಕೊನೆಯ ಸಲ ಗೆದ್ದಿದ್ದು ಯಾವಾಗ?

1989ರಲ್ಲಿ. ಆಗ ಗೆದ್ದವರು ಮಾಜಿ ಮುಖ್ಯಮಂತ್ರಿ ಆರ್. ಗುಂಡೂರಾವ್. ಆದರೆ ಕ್ಷೇತ್ರ ಕಾಂಗ್ರೆಸ್ ಕೈತಪ್ಪಿದ್ದು ಅದಕ್ಕೂ ಮೊದಲೇ. 1977ರಲ್ಲಿ ರಾಜ್ಯದ 28 ಸೀಟುಗಳಲ್ಲಿ 26 ಕಾಂಗ್ರೆಸ್ ಪಾಲಾದವು. ಉಳಿದಿದ್ದು ಹಾಸನ ಮತ್ತು ಇದು. ಇಲ್ಲಿ ಗೆದ್ದ ಜನತಾ ಪಕ್ಷದ ಕೆ.ಎಸ್. ಹೆಗ್ಡೆ ಸುಮ್ನೆ ಯಾರೋ ಅಭ್ಯರ್ಥಿ ಅಲ್ಲ. 1973ರಲ್ಲಿ ಹಿರಿತನ ಬದಿಗೊತ್ತಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಸುಪ್ರೀಂ ಕೋರ್ಟ್ ಹುದ್ದೆ ಬಿಟ್ಟು ಹೊರಬಂದವರು. ಮುಂದೆ ಲೋಕಸಭೆಯ ಸ್ಪೀಕರ್ ಆದರು. ಇಡೀ ರಾಜ್ಯ ಒಂದು ಕಡೆ ವಾಲಿದಾಗ ಅಂಥವರನ್ನು ಆರಿಸಿದ ಮತದಾರರನ್ನು ಮೆಚ್ಚಲೇಬೇಕು ಅಲ್ವಾ?

1980, 1984ರಲ್ಲೂ ಜನತಾ ಪಕ್ಷವೇ. 1991ರಲ್ಲಿ ಅರ್ಥಶಾಸ್ತ್ರಜ್ಞ ಕೆ. ವೆಂಕಟಗಿರಿ ಗೌಡರು ಬಿಜೆಪಿಗೆ ಗೆದ್ದುಕೊಟ್ಟರು. 1996ರಿಂದ ಅನಂತಕುಮಾರ್ ಸತತ ಆರು ಸಲ. 2014ರಲ್ಲಿ ಕಾಂಗ್ರೆಸ್‌ನಿಂದ ಇನ್ಫೋಸಿಸ್ ಸಹಸಂಸ್ಥಾಪಕ ನಂದನ್ ನಿಲೇಕಣಿಯವರೇ ಎದುರು ನಿಂತರೂ ಅಂತರ 2 ಲಕ್ಷಕ್ಕಿಂತ ಜಾಸ್ತಿ. 2019, 2024ರಲ್ಲಿ ತೇಜಸ್ವಿ ಸೂರ್ಯ.